ಕಲ್ಲಿಕೋಟೆಯ ಜನಕ್ಕೆ ಗರಿಯ ಲಂಗ ತೊಡಿಸಿದ್ದು ಯಾರು? ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಮೆರವಣಿಗೆಯ ಮೂರು ಹಲಗೆಗಳು

ಮೂರು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಮೀಟರಿಗಿಂತ ತುಸು ಹೆಚ್ಚು ಉದ್ದ. ಮೊದಲ ಹಾಳೆಯಲ್ಲಿ ಆನೆ, ಆನೆಯ ಮೇಲೊಬ್ಬ ಸವಾರ, ಜೊತೆಗೆ ಸೊಂಟಕ್ಕೆ ಬಟ್ಟೆ ಸುತ್ತಿ ಕತ್ತಿ ಗುರಾಣಿ ಹಿಡಿದ, ಬರಿಮೈಯ ಆಳುಗಳು. ಹಿಂದಿನ ಎರಡು ಹಾಳೆಗಳಿಗೆ ಬಂದರೆ ನೋಟವೇ ಬೇರೆ. ಗರಿ ಪೋಣಿಸಿದ ಲಂಗ, ತಲೆಗೂ ಗರಿ, ಗಿಳಿ, ಕೋತಿ, ಮೆಕ್ಕೆಜೋಳದ ತೆನೆ, ನಡುವೆ ದನ, ಟಗರು, ಹೆಂಗಸರು, ಮಕ್ಕಳು. ಮೂರಕ್ಕೂ ಹೆಸರು ಒಂದೇ: ‘ಕಲ್ಲಿಕೋಟೆಯ ಜನ’.

ಇವು ಜರ್ಮನ್ ಸೀಮೆಗಳನ್ನಾಳಿದ ಪವಿತ್ರ ರೋಮನ್ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ನನ ‘ವಿಜಯಯಾತ್ರೆ’ ಎಂಬ ಮಹಾ ಮರದಚ್ಚಿನ ಚಿತ್ರಮಾಲೆಯ ಭಾಗ. 1796ರ ಆವೃತ್ತಿಯ ಲೆಕ್ಕದಲ್ಲಿ 129, 130, 131ನೆಯ ಹಾಳೆಗಳು. ಚಿತ್ರಕಾರ ಆಗ್ಸ್‌ಬರ್ಗ್‌ನ ಹಾನ್ಸ್ ಬುರ್ಕ್‌ಮಾಯರ್ (1473–1531). ಒಂದೊಂದು ಹಲಗೆಯೂ ಎತ್ತರ ಅಗಲಗಳಲ್ಲಿ ಸುಮಾರು 38 ಸೆಂ.ಮೀ. ಇಡೀ ಮೆರವಣಿಗೆಯನ್ನು ಸಾಲಾಗಿ ಅಂಟಿಸಿದರೆ ಸುಮಾರು 54 ಮೀಟರ್ ಆಗುತ್ತದೆ.

ಮಲಬಾರಿನಲ್ಲಿ ಯಾರೂ ಗರಿಯ ಲಂಗ ಉಡುತ್ತಿರಲಿಲ್ಲ. ಮೆಕ್ಕೆಜೋಳ ಅಮೆರಿಕದ ಬೆಳೆ. ಹಾಗಾದರೆ ಈ ತಪ್ಪು ಎಲ್ಲಿ ನುಸುಳಿತು? ಸಾಮಾನ್ಯವಾಗಿ ಸಿಗುವ ಉತ್ತರ, ‘ಜರ್ಮನಿಯಲ್ಲಿ ಕೂತವನಿಗೆ ಕಲ್ಲಿಕೋಟೆಯ ಬಗ್ಗೆ ಏನು ಗೊತ್ತಿದ್ದೀತು’ ಎಂಬುದು. ಈ ಉತ್ತರ ಸಲ್ಲದು. ಕಲ್ಲಿಕೋಟೆಯ ಪಕ್ಕದ ಕೊಚ್ಚಿಯ ರಾಜನ ಸವಾರಿಯನ್ನು ಇದೇ ಬುರ್ಕ್‌ಮಾಯರ್ ಸುಮಾರು ಹತ್ತು ವರ್ಷ ಮೊದಲೇ, 1508ರಲ್ಲಿ, ಬರೆದಿದ್ದ. ಅದರಲ್ಲಿ ಗರಿಯ ಲಂಗವಿಲ್ಲ. ಗೊತ್ತಿದ್ದವನ ಕೈಯಿಂದಲೇ ಈ ಬೆರಕೆ ಬಂದಿದೆ. ಆದ್ದರಿಂದ ಕೆಲಸ ಸಾಗಿದ ಒಂದೊಂದು ಹಂತವನ್ನೂ ತೆರೆದು ನೋಡಬೇಕು.

1508: ಕೊಚ್ಚಿಯ ರಾಜ

1505ರ ಮಾರ್ಚ್ 25ರಂದು ಫ್ರಾನ್ಸಿಸ್ಕೊ ದ ಅಲ್ಮೇಡನ ಪೋರ್ಚುಗೀಸ್ ಹಡಗುಪಡೆ ಲಿಸ್ಬನ್ ಬಿಟ್ಟಿತು. ಅದರಲ್ಲಿ ಮೂರು ಹಡಗುಗಳಿಗೆ ಬಂಡವಾಳ ಹಾಕಿದವರಲ್ಲಿ ಆಗ್ಸ್‌ಬರ್ಗ್ ಮತ್ತು ನ್ಯೂರೆಂಬರ್ಗ್‌ನ ವರ್ತಕರಿದ್ದರು, ದೊಡ್ಡ ಪಾಲು ವೆಲ್ಸರ್ ಮನೆತನದ್ದು. ಅವರ ಪರವಾಗಿ ಹೋದವನು ಟಿರೋಲ್‌ನ ಫಿಲ್ಸ್ ಊರಿನ ಬಾಲ್ತಸಾರ್ ಶ್ಪ್ರಿಂಗರ್. ಆಫ್ರಿಕಾ ಕರಾವಳಿಯಲ್ಲಿ ಕಿಲ್ವಾ, ಮೊಂಬಾಸಾಗಳನ್ನು ಮುತ್ತಿ ಕೊಳ್ಳೆಹೊಡೆದ ಪಡೆ ಸೆಪ್ಟೆಂಬರಿನಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು ಕೋಟೆ ಕಟ್ಟಿತು. ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ ಇಟ್ಟಿತು. ಅಲ್ಲಿಂದ ಕಣ್ಣೂರು, ಕೊಚ್ಚಿ. ಈ ಚಿತ್ರದ ಚರಿತ್ರೆಗೆ ಕರ್ನಾಟಕದ ಕರಾವಳಿ ತಾಗುವುದು ಹೀಗೆ, ಅದೂ ಸುಟ್ಟ ಹಡಗುಗಳ ವಾಸನೆಯೊಂದಿಗೆ. ಕಾಳುಮೆಣಸು ತುಂಬಿಕೊಂಡು ಶ್ಪ್ರಿಂಗರ್ 1506ರ ಕೊನೆಗೆ ಲಿಸ್ಬನ್ ತಲುಪಿದ. ಅವನ ಪ್ರಯಾಣದ ವರದಿ ಚಿತ್ರಗಳ ಸಮೇತ 1509ರಲ್ಲಿ ಅಚ್ಚಾಯಿತು.

ಅದಕ್ಕೂ ಮೊದಲೇ ಬುರ್ಕ್‌ಮಾಯರ್ ಹಲವು ಹಲಗೆಗಳ ಒಂದು ಉದ್ದ ಚಿತ್ರಪಟ್ಟಿ ಮಾಡಿದ್ದ. ಹಡಗು ಸಾಗಿದ ದಾರಿಯಲ್ಲೇ ಚಿತ್ರವೂ ಸಾಗುತ್ತದೆ: ಗಿನಿ, ಆಫ್ರಿಕಾದ ದಕ್ಷಿಣ ತುದಿಯ ‘ಅಲ್ಲಾಗೊ’, ಅರೇಬಿಯ, ‘ದೊಡ್ಡ ಇಂಡಿಯಾ’, ಕೊನೆಗೆ ‘ಗುಟ್ಝಿನ್‌ನ ರಾಜ’. ಗುಟ್ಝಿನ್ ಎಂದರೆ ಕೊಚ್ಚಿ. ರಾಜ ಪಲ್ಲಕ್ಕಿಯಂಥ ಆಸನದ ಮೇಲೆ ಕುಳಿತಿದ್ದಾನೆ, ಆಳುಗಳು ಹೆಗಲು ಕೊಟ್ಟಿದ್ದಾರೆ, ಮೇಲೆ ಛತ್ರಿ, ಜೊತೆಗೆ ಕಹಳೆಯವರು, ಆಯುಧ ಹಿಡಿದ ಪರಿವಾರ. ರಾಜನೆಂದು ಅವನಿಗೆ ಯುರೋಪಿನ ನಿಲುವಂಗಿ ತೊಡಿಸುವ ಗೋಜಿಗೆ ಬುರ್ಕ್‌ಮಾಯರ್ ಹೋಗಲಿಲ್ಲ. ಬರಿಮೈಯ ರಾಜ, ಬರಿಮೈಯ ಪರಿವಾರ. ದೊರೆತನ ಕಾಣುವುದು ಛತ್ರಿಯಲ್ಲಿ, ಹೊರುವವರ ಹೆಗಲಲ್ಲಿ, ಮುಂದೆ ಸಾಗುವ ವಾದ್ಯದಲ್ಲಿ. ನಮ್ಮ ದೇವರ ಉತ್ಸವಗಳನ್ನು ನೋಡಿ ಬೆಳೆದ ಕಣ್ಣಿಗೆ ಈ ವ್ಯವಸ್ಥೆ ಪೂರಾ ಪರಿಚಿತ. ದಕ್ಷಿಣ ಭಾರತದ ಒಬ್ಬ ರಾಜನ ಸವಾರಿ ಯುರೋಪಿನ ಅಚ್ಚಿನಲ್ಲಿ ಇಷ್ಟು ಗಂಭೀರವಾಗಿ ಮೂಡಿದ್ದು ನಿಜಕ್ಕೂ ದೊಡ್ಡ ಸಂಗತಿ. ಇದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ ನ್ಯೂರೆಂಬರ್ಗ್‌ನ ಗಿಯೋರ್ಗ್ ಗ್ಲಾಕೆನ್‌ಡಾನ್ 1509ರಲ್ಲೇ ನಕಲು ಹಲಗೆ ಕೆತ್ತಿಸಿ ಮಾರಿದ, 1511ರಲ್ಲಿ ಮತ್ತೆ ಅಚ್ಚು ಹಾಕಿದ.

ಮೊದಲ ಹಂತ: ದರ್ಬಾರಿನ ಟಿಪ್ಪಣಿ

ವಿಜಯಯಾತ್ರೆಯಲ್ಲಿ ಯಾರು ಯಾರು ಬರಬೇಕೆಂದು ಗೊತ್ತುಮಾಡಿದವರು ಚಿತ್ರಕಾರರಲ್ಲ. 1512ರಲ್ಲಿ ಚಕ್ರವರ್ತಿಯೇ ಇಡೀ ಮೆರವಣಿಗೆಯ ಕ್ರಮವನ್ನು ತನ್ನ ಕಾರ್ಯದರ್ಶಿ ಮಾರ್ಕ್ಸ್ ಟ್ರೈಟ್ಸ್‌ಸೌರ್ವೈನ್‌ಗೆ ಬಾಯಲ್ಲಿ ಹೇಳಿ ಬರೆಸಿದ. ಯಾರ ಹಿಂದೆ ಯಾರು, ಎಷ್ಟು ಸಾಲು, ಕೈಯಲ್ಲಿ ಏನು, ತಲೆಯ ಮೇಲೆ ಏನು, ಫಲಕದ ಮೇಲೆ ಯಾವ ಪದ್ಯ, ಎಲ್ಲವೂ ಅದರಲ್ಲಿದೆ. ಬೇಟೆಗಾರರು, ವಾದ್ಯದವರು, ವಿದೂಷಕರು, ಕತ್ತಿವರಸೆಯವರು, ಒಂದೊಂದು ಸೀಮೆಯ ಬಾವುಟ ಹಿಡಿದ ಸವಾರರು, ಯುದ್ಧಗಳ ಚಿತ್ರ ಹೊತ್ತ ರಥಗಳು. ಈ ಟಿಪ್ಪಣಿಯ ಮೇಲೆ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರ್‌ನ ಕಾರ್ಯಾಗಾರ ಚರ್ಮದ ಹಾಳೆಗಳಲ್ಲಿ ಬಣ್ಣದ ಪ್ರತಿಯೊಂದನ್ನು ಮಾಡಿತು, ಅದು ಅರಮನೆಗೆ. ಊರೂರಿಗೆ ಕಳಿಸಲು ಬೇಕಾದದ್ದು ಮರದಚ್ಚು.

ಕಲ್ಲಿಕೋಟೆಯವರ ಬಗ್ಗೆ ಟಿಪ್ಪಣಿ ಹೇಳುವುದು ಇಷ್ಟು: ಆನೆಯ ಮೇಲೆ ಒಬ್ಬ, ಹಿಂದೆ ಕತ್ತಿ ಗುರಾಣಿಯವರ ಸಾಲು, ಈಟಿಯವರ ಸಾಲು, ಬಿಲ್ಲಿನವರ ಸಾಲುಗಳು, ಎಲ್ಲರೂ ಇಂಡಿಯಾದವರ ಹಾಗೆ ಬರಿಮೈ, ಇಲ್ಲವೇ ‘ಮೂರ್’ ಜನರ, ಅಂದರೆ ಉತ್ತರ ಆಫ್ರಿಕಾದ ಮುಸ್ಲಿಮರ, ಉಡುಪು. ಈ ‘ಇಲ್ಲವೇ’ ಎಂಬ ಪದದಲ್ಲೇ ಮೊದಲ ಬಿರುಕು ಕಾಣುತ್ತದೆ. ಹೇಳಿ ಬರೆಸಿದವನಿಗೆ ಬೇಕಾಗಿದ್ದದ್ದು ಕಲ್ಲಿಕೋಟೆಯವರಲ್ಲ, ದೂರದವರು. ಇಂಡಿಯಾದವರಾದರೂ ಸರಿ, ಮೂರ್ ಜನರಾದರೂ ಸರಿ. ಮೆರವಣಿಗೆಯಲ್ಲಿ ಎಲ್ಲರ ತಲೆಗೂ ಲಾರೆಲ್ ಎಲೆಯ ಹಾರ ಇರಬೇಕೆಂಬ ನಿಯಮವೂ ಇತ್ತು. ರೋಮನ್ ಗೆಲುವಿನ ಆ ಎಲೆ ಮಲಬಾರಿನ ತಲೆಯನ್ನೂ ಬಿಡಲಿಲ್ಲ.

ಜಾಗವನ್ನೂ ಗಮನಿಸಬೇಕು. ಕಲ್ಲಿಕೋಟೆಯವರ ಬೆನ್ನಿಗೇ ಬರುವುದು ಮೆರವಣಿಗೆಯ ಬಾಲ, ಅಂದರೆ ದಂಡಿನ ಸಾಮಾನು ಸರಂಜಾಮಿನ ಗಾಡಿಗಳು, ಅಡುಗೆಯವರು, ಹಿಂಬಾಲಕರು. ಆನೆ ಇದ್ದರೂ ಇವರ ಸ್ಥಾನ ಕೊನೆಯಿಂದ ಎರಡನೆಯದು. 1508ರ ಪಟ್ಟಿಯಲ್ಲಿ ಕೊಚ್ಚಿಯ ರಾಜನೇ ಯಾತ್ರೆಯ ಗುರಿ, ಕಣ್ಣು ಹೋಗಿ ನಿಲ್ಲುವ ಜಾಗ. ಇಲ್ಲಿ ರಾಜನೇ ಇಲ್ಲ. ಬೇರೆ ದೊರೆಯ ಮೆರವಣಿಗೆಯಲ್ಲಿ ಇನ್ನೊಬ್ಬ ರಾಜನಿಗೆ ಛತ್ರಿ ಹಿಡಿಯಲಾಗದು. ಕಲ್ಲಿಕೋಟೆಯ ದೊರೆ ಸಾಮೂದಿರಿ ಮ್ಯಾಕ್ಸಿಮಿಲಿಯನ್ನನಿಗೆ ಕಾಸಿನ ಕಪ್ಪವನ್ನೂ ಕೊಟ್ಟವನಲ್ಲ. ಪೋರ್ಚುಗಲ್ಲಿನ ದೊರೆ ಮನುಯೆಲ್ ತಾಯಿಯ ಕಡೆಯಿಂದ ಸೋದರ ಸಂಬಂಧಿಯಾಗಬೇಕು, ನಂಟಿದ್ದದ್ದು ಅಷ್ಟೇ. ಆದರೂ ದೂರದ ಜನ ಚಕ್ರವರ್ತಿಗೆ ಅಧೀನರಾದರು ಎಂಬರ್ಥದ ಪದ್ಯ ಟಿಪ್ಪಣಿಯಲ್ಲಿ ಸಿದ್ಧವಾಗಿತ್ತು.

ಎರಡನೆಯ ಹಂತ: ಹಲಗೆ

ಬುರ್ಕ್‌ಮಾಯರ್ ಚಿತ್ರ ಬರೆದ, ಆದರೆ ಕೆತ್ತಲಿಲ್ಲ. ಆ ಕಾಲದಲ್ಲಿ ಚಿತ್ರ ಬರೆಯುವವನೇ ಬೇರೆ, ಕೆತ್ತುವವನೇ ಬೇರೆ. ಆಗ್ಸ್‌ಬರ್ಗ್‌ನಲ್ಲಿ ಈ ಕೆಲಸವನ್ನೆಲ್ಲ ನಡೆಸಿದವನು ನಗರದ ಕಾರ್ಯದರ್ಶಿ ಕೊನ್ರಾಡ್ ಪೊಯ್ಟಿಂಗರ್. ಅವನ ಹೆಂಡತಿ ವೆಲ್ಸರ್ ಮನೆಯ ಮಗಳು. ಅಂದಮೇಲೆ ಕೊಚ್ಚಿಯ ಸುದ್ದಿ ಈ ಕಾರ್ಯಾಗಾರದ ಮಟ್ಟಿಗೆ ಬೀದಿಯ ಸುದ್ದಿಯಲ್ಲ, ಮನೆಯೊಳಗಿನ ಸುದ್ದಿ.

ಕೆತ್ತುಗರ ಮುಖ್ಯಸ್ಥ ಆಂಟ್‌ವರ್ಪ್‌ನಿಂದ ಬಂದ ಯೋಸ್ಟ್ ಡಿ ನೆಗ್ಕರ್. ಅವನು 1512ರ ಅಕ್ಟೋಬರಿನಲ್ಲಿ ಚಕ್ರವರ್ತಿಗೆ ಬರೆದ ಕಾಗದ ಉಳಿದಿದೆ. ಇನ್ನಿಬ್ಬರು ಕೆತ್ತುಗರನ್ನು ಕೊಟ್ಟರೆ ಮೂವರೂ ಸೇರಿ ತಿಂಗಳಿಗೆ ಆರೋ ಏಳೋ ಹಲಗೆ ಮುಗಿಸುತ್ತೇವೆ, ಕೊನೆಯ ಕೈ ಎಲ್ಲಕ್ಕೂ ತನ್ನದೇ, ಇಡೀ ಕೆಲಸ ಒಬ್ಬನೇ ಕೆತ್ತಿದಂತೆ ಕಾಣಬೇಕು ಎಂಬುದು ಅದರ ತಿರುಳು. ಹಾಗೆಂದರೆ ಒಬ್ಬನಿಗೆ ಒಂದು ಹಲಗೆಗೆ ಹತ್ತಿರ ಹತ್ತಿರ ಎರಡು ವಾರ. ವಿಜಯಯಾತ್ರೆಯ ಹಲವು ಹಲಗೆಗಳ ಬೆನ್ನಿನ ಮೇಲೆ ಕೆತ್ತುಗರ ಹೆಸರು, ತಾರೀಕು ಶಾಯಿಯಲ್ಲಿ ಬರೆದಿದೆ: 1516ರ ಕೊನೆಯಿಂದ 1518ರ ಬೇಸಿಗೆಯವರೆಗೆ. ಹಾನ್ಸ್ ಫ್ರಾಂಕ್, ಕಾರ್ನೆಲಿಯಸ್ ಮತ್ತು ವಿಲ್ಲೆಮ್ ಲೀಫ್ರಿಂಕ್, ಅಲೆಕ್ಸಿಯಸ್ ಲಿಂಟ್, ಯಾನ್ ಡಿ ಬೊನ್ ಇಂಥ ಹೆಸರುಗಳು. ಅಚ್ಚಾದ ಹಾಳೆಯಲ್ಲಿ ಇವರ ಸುಳಿವೇ ಇಲ್ಲ. ಮರದ ಬೆನ್ನು ಮಾತ್ರ ಅವರನ್ನು ನೆನಪಿಟ್ಟುಕೊಂಡಿದೆ.

ಮರ ಪೇರ್, ನಮ್ಮ ಕಡೆ ಮರಸೇಬು ಅನ್ನುತ್ತಾರಲ್ಲ, ಅದು. ಎಳೆ ಸಣ್ಣ, ಗಟ್ಟಿತನ ಎಲ್ಲ ಕಡೆ ಸಮ, ಆದ್ದರಿಂದ ಚಾಕು ಎಳೆಯ ಹಾದಿ ಹಿಡಿದು ಜಾರುವುದಿಲ್ಲ. ಮರವನ್ನು ಉದ್ದಕ್ಕೆ ಸೀಳಿದ ಹಲಗೆ, ಎರಡು ಎರಡೂವರೆ ಸೆಂ.ಮೀ. ದಪ್ಪ. ವರ್ಷಗಟ್ಟಲೆ ನೆರಳಿನಲ್ಲಿ ಒಣಗಿರಬೇಕು. ಹಸಿ ಇದ್ದರೆ ಕೆತ್ತಿದ ಮೇಲೆ ಬಾಗುತ್ತದೆ, ಬಾಗಿದ ಹಲಗೆ ನಡುವೆ ಮಂಕಾಗಿ, ಅಂಚಿನಲ್ಲಿ ಕಡುವಾಗಿ ಅಚ್ಚಾಗುತ್ತದೆ. 38 ಸೆಂ.ಮೀ. ಅಗಲದ ಒಂದೇ ಪೇರ್ ಹಲಗೆ ಸಿಗುವುದು ಕಷ್ಟ. ತುಂಡು ಕೂಡಿಸಿದರೆ ಎಂದೋ ಒಂದು ದಿನ ಬೆಸುಗೆ ಬಾಯಿಬಿಟ್ಟು, ಚಿತ್ರದ ಮೇಲಿಂದ ಕೆಳಗೆ ನೇರ ಬಿಳಿ ಗೆರೆಯೊಂದು ಹಾಯುತ್ತದೆ.

ಹಲಗೆಯ ಮೇಲೆ ಲೇಖನಿಯಿಂದ ಚಿತ್ರ, ಅದೂ ಎಡಬಲ ತಿರುವಾಗಿ. ಅಚ್ಚಾದಾಗ ಬಲಗೈಯಲ್ಲಿ ಕತ್ತಿ ಕಾಣಬೇಕಾದರೆ ಹಲಗೆಯ ಮೇಲೆ ಅದು ಎಡಗೈಯಲ್ಲಿರಬೇಕು. ಸಿದ್ಧ ಚಿತ್ರ ನೋಡಿ ನಕಲು ಕೆತ್ತುವವರು ಇದನ್ನು ಮರೆತು, ಎಷ್ಟೋ ಹಾಳೆಗಳಲ್ಲಿ ಸೈನಿಕರೆಲ್ಲ ಎಡಚರಾಗಿ ಹುಟ್ಟಿದ್ದಾರೆ.

ಇನ್ನು ಕೆತ್ತನೆ. ಒಂದು ಕಪ್ಪು ಗೆರೆ ಉಳಿಯಬೇಕಾದರೆ ಅದರ ಎರಡೂ ಬದಿ ಚಾಕು ಓಡಬೇಕು. ಮೊದಲು ಗೆರೆಗೆ ಅಂಟಿಕೊಂಡು, ಅಲಗನ್ನು ಗೆರೆಯಿಂದ ಹೊರಗೆ ಓರೆ ಮಾಡಿ ಒಂದು ಕುಯ್ತ. ಆಮೇಲೆ ತುಸು ದೂರದಿಂದ ಅದಕ್ಕೆ ಎದುರಾಗಿ ಇನ್ನೊಂದು. ನಡುವಿನ ಮರ ನೂಲಿನಂತೆ ಎದ್ದು ಬರುತ್ತದೆ. ಇನ್ನೊಂದು ಬದಿಗೂ ಹೀಗೇ. ಒಂದು ಗೆರೆಗೆ ನಾಲ್ಕು ಕುಯ್ತ. ಉಳಿದ ಗೆರೆ ಬುಡ ಅಗಲ, ನೆತ್ತಿ ಕಿರಿದಾದ ಗೋಡೆಯಂತೆ ನಿಲ್ಲಬೇಕು. ಅಲಗು ಒಳಕ್ಕೆ ಓರೆಯಾದರೆ ಬುಡ ಸಣ್ಣಗಾಗಿ, ಹತ್ತು ಹಾಳೆ ಒತ್ತುವಷ್ಟರಲ್ಲಿ ಗೆರೆ ಮುರಿದು ಬೀಳುತ್ತದೆ. ಅಗಲವಾದ ಬಿಳಿ ಜಾಗಗಳನ್ನು ಕೊನೆಗೆ ಉಳಿಯಿಂದ ಬಗೆಯುತ್ತಾರೆ. ಅಲ್ಲಿ ಆಳ ಸಾಲದಿದ್ದರೆ ಕಾಗದ ತಳಕ್ಕೆ ತಾಗಿ ಆಕಾಶದಲ್ಲಿ ಕೊಳೆಯಂಥ ಕಲೆ ಬೀಳುತ್ತದೆ.

ಇಲ್ಲಿಂದ ಗರಿಯ ಲಂಗವನ್ನು ನೋಡಿ. ಸೊಂಟದಿಂದ ಇಳಿಬಿದ್ದ ಉದ್ದುದ್ದ ಗರಿಗಳು ಒಂದಕ್ಕೊಂದು ಸಮಾನಾಂತರ, ತುದಿ ಮಾತ್ರ ದುಂಡು. ಚಾಕು ಒಂದೇ ದಿಕ್ಕಿನಲ್ಲಿ ಸರಾಗ ಓಡುತ್ತದೆ. ಸೊಂಟಕ್ಕೆ ಸುತ್ತಿದ ಬಟ್ಟೆಯ ಮಡಿಕೆ ಹಾಗಲ್ಲ. ಒಂದು ಮಡಿಕೆಯ ನೆರಳು ಇನ್ನೊಂದರ ಮೇಲೆ ಅಡ್ಡ ಬಿದ್ದಲ್ಲಿ ಗೆರೆಗಳು ಹೆಣೆದುಕೊಳ್ಳುತ್ತವೆ, ನಡುವಿನ ಒಂದೊಂದು ಸಾಸಿವೆಯಷ್ಟು ಬಿಳಿ ಕಂಡಿಯನ್ನೂ ನಾಲ್ಕು ಬದಿ ಕುಯ್ದು ತೆಗೆಯಬೇಕು. ಕೆತ್ತುಗನ ಅನುಕೂಲಕ್ಕೆ ಗರಿ ಬಂತು ಎಂದು ಇದರಿಂದ ಹೇಳಲಾಗದು. ಬುರ್ಕ್‌ಮಾಯರ್ ಇದೇ ಹಲಗೆಗಳಲ್ಲಿ ಆನೆಯ ಸುಕ್ಕು ಚರ್ಮವನ್ನು, ಆಳುಗಳ ಮೈಕಟ್ಟನ್ನು ಕೆತ್ತುಗನ ಶ್ರಮ ನೋಡದೆ ಬರೆದಿದ್ದಾನೆ. ಆದರೆ ಗರಿ ಮರಕ್ಕೆ ಎಷ್ಟು ಚೆನ್ನಾಗಿ ಒಗ್ಗುವ ವಸ್ತು ಎಂಬುದು ಗೊತ್ತಿದ್ದರೆ, ಒಮ್ಮೆ ಕಾರ್ಯಾಗಾರ ಹೊಕ್ಕ ಗರಿ ಮತ್ತೆ ಯಾಕೆ ಹೊರಗೆ ಹೋಗಲಿಲ್ಲ ಎಂಬುದು ಅರ್ಥವಾಗುತ್ತದೆ.

ಕೆತ್ತುವಾಗ ಚೂರು ಹಾರಿದರೆ ಆ ಜಾಗ ಕೊರೆದು, ಬೆಣೆ ಬಡಿದು, ಸಮ ಮಾಡಿ ಮತ್ತೆ ಕೆತ್ತುತ್ತಾರೆ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಗಳು ಒಂದು ಪುಟ್ಟ ವೃತ್ತದ ಅಂಚಿನಲ್ಲಿ ಕೂದಲೆಳೆಯಷ್ಟು ತಪ್ಪಿ ಕೂಡಿರುತ್ತವೆ. ಕೆತ್ತುಗನ ಎಡವಟ್ಟು ಎಂದರೆ ಇಂಥದು: ಮುರಿದ ಗೆರೆ, ಬೆಣೆ, ಮರೆತ ಬೆರಳು. ಗರಿಯ ಲಂಗವೊಂದು ಇಡಿಯಾಗಿ ಹೀಗೆ ಹುಟ್ಟುವುದಿಲ್ಲ. ಆದ್ದರಿಂದ ಈ ಹಂತದಲ್ಲಿ ತಪ್ಪು ಸೇರಿಲ್ಲ ಎಂದು ಖಚಿತವಾಗಿ ಹೇಳಬಹುದು. ಟಿಪ್ಪಣಿಯಲ್ಲೂ ಗರಿಯ ಮಾತಿಲ್ಲ. ಉಳಿಯುವುದು ನಡುವಿನ ಜಾಗ, ಚಿತ್ರಕಾರನ ಮೇಜು.

ಗರಿ ಬಂದ ದಾರಿ

ಆಗ್ಸ್‌ಬರ್ಗ್‌ಗೆ ಗರಿಯ ಲಂಗ ಹೊಸದೇನಲ್ಲ. 1505ರ ಹೊತ್ತಿಗೇ ಅದೇ ಊರಿನ ಮುದ್ರಕ ಯೋಹಾನ್ ಫ್ರೋಷೌವರ್ ಬ್ರೆಜಿಲ್ ಕರಾವಳಿಯ ಜನರ ಒಂದು ಬಿಡಿಹಾಳೆ ಅಚ್ಚು ಹಾಕಿದ್ದ. ಅದರಲ್ಲಿ ಗರಿಯ ತಲೆಪಟ್ಟಿ, ಗರಿಯ ಲಂಗ, ನರಮಾಂಸ ನೇತುಹಾಕಿದ ತೊಲೆ, ಎಲ್ಲ ಇವೆ. 1515ರಲ್ಲಿ ಮ್ಯಾಕ್ಸಿಮಿಲಿಯನ್ನನ ಪ್ರಾರ್ಥನಾ ಪುಸ್ತಕದ ಅಂಚಿನಲ್ಲಿ ಹೆಸರಾಂತ ಜರ್ಮನ್ ಚಿತ್ರಕಾರ ಡ್ಯೂರರ್ ಗರಿ ಉಟ್ಟ ಮನುಷ್ಯನೊಬ್ಬನನ್ನು ಬರೆದ. ಅದೇ ಪುಸ್ತಕದ ಬೇರೆ ಪುಟಗಳ ಅಂಚಿಗೆ ಚಿತ್ರ ಬರೆದವರಲ್ಲಿ ಬುರ್ಕ್‌ಮಾಯರ್ ಕೂಡ ಒಬ್ಬ. ಮೆಕ್ಸಿಕೊದ ಸಂಪತ್ತು ಯುರೋಪಿಗೆ ಬಂದದ್ದು 1519ರ ಕೊನೆಗೆ. ಆ ಹೊತ್ತಿಗೆ ನಮ್ಮ ಹಲಗೆಗಳ ಕೆತ್ತನೆ ಮುಗಿದಿತ್ತು. ಆದ್ದರಿಂದ ಈ ಗರಿಗಳು ಬ್ರೆಜಿಲ್‌ನ ತುಪಿನಂಬಾ ಜನರವು, ಮೆಕ್ಸಿಕೊದವಲ್ಲ.

ಬ್ರೆಜಿಲ್‌ನ ಗರಿ ಕಲ್ಲಿಕೋಟೆಯ ಹೆಸರಿಗೆ ಅಂಟಿಕೊಂಡದ್ದು ಹೇಗೆ? ಪೋರ್ಚುಗೀಸ್ ನಾವಿಕ ಪೆದ್ರೊ ಆಲ್ವಾರೆಸ್ ಕಬ್ರಾಲ್‌ನ ಹಡಗುಗಳು 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್ ಮುಟ್ಟಿದವು. ಅದೇ ಪ್ರಯಾಣದಲ್ಲಿ ಮುಂದುವರಿದು ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆ ಸೇರಿದವು. ಲಿಸ್ಬನ್ನಿನ ಒಂದೇ ಧಕ್ಕೆಯಲ್ಲಿ ಬ್ರೆಜಿಲ್‌ನ ಗಿಳಿಯೂ ಮಲಬಾರಿನ ಮೆಣಸೂ ಇಳಿಯುತ್ತಿದ್ದವು. ಆಗ್ಸ್‌ಬರ್ಗ್ ತಲುಪುವ ಹೊತ್ತಿಗೆ ಎಲ್ಲಕ್ಕೂ ಒಂದೇ ಚೀಟಿ. ಜರ್ಮನ್ನರಿಗೆ ‘ಕಲ್ಲಿಕೋಟೆಯದು’ ಎಂದರೆ ಹೊಸ ಸಮುದ್ರದಾಚೆಯದು ಎಂದಷ್ಟೇ ಅರ್ಥ. ಅಮೆರಿಕದ ಟರ್ಕಿ ಕೋಳಿಗೆ ಹಳೆಯ ಜರ್ಮನ್‌ನಲ್ಲಿ ‘ಕಲ್ಲಿಕೋಟೆ ಹುಂಜ’ ಎನ್ನುತ್ತಿದ್ದರು. ಡಚ್ಚರು ಇವತ್ತಿಗೂ ಅದನ್ನು ಕರೆಯುವುದು ‘ಕಾಲ್ಕೂನ್’ ಎಂದು, ಅದೂ ಕಲ್ಲಿಕೋಟೆಯ ಹೆಸರೇ. ನಾವೂ ಮಾಡಿದ್ದು ಇದನ್ನೇ ಅಲ್ಲವೇ? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು. ಯಾವ ಸೀಮೆ ಎಂದು ಯಾರೂ ಕೇಳುವುದಿಲ್ಲ, ಹೊರಗಿನದು ಎಂದರೆ ಸಾಕು. ಬುರ್ಕ್‌ಮಾಯರ್‌ನ ಕಾಲದ ಆಗ್ಸ್‌ಬರ್ಗ್‌ನಲ್ಲಿ ‘ಕಲ್ಲಿಕೋಟೆ’ ಎಂಬುದು ನಮ್ಮ ‘ಸೀಮೆ’ಯ ಕೆಲಸ ಮಾಡುತ್ತಿತ್ತು.

ಹೀಗಿರುವಾಗ ಟಿಪ್ಪಣಿ ಕೇಳಿದ್ದು ‘ಸೀಮೆಯ ಜನ’ರನ್ನು. ಬುರ್ಕ್‌ಮಾಯರ್ ತನ್ನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದ. ಮೊದಲ ಹಲಗೆಗೆ ಟಿಪ್ಪಣಿಯ ಆನೆ, ಅದರ ಜೊತೆಗೆ 1508ರಲ್ಲಿ ತಾನೇ ಬರೆದಿದ್ದ ಮಲಬಾರಿನ ಕತ್ತಿ ಗುರಾಣಿಯ ಆಳುಗಳು. ಆನೆಯ ವಿಷಯದಲ್ಲೂ ಆ ವರ್ಷಗಳು ಶ್ರೀಮಂತ: ಭಾರತದಿಂದ ಬಂದ ಹ್ಯಾನ್ನೊ ಎಂಬ ಆನೆ 1514ರಲ್ಲಿ ರೋಮ್ ಸೇರಿತು, ಮರುವರ್ಷ ಗುಜರಾತಿನ ಸುಲ್ತಾನ ಕಳಿಸಿದ ಘೇಂಡಾಮೃಗ ಲಿಸ್ಬನ್ನಿಗೆ ಬಂತು. ಆ ಘೇಂಡಾಮೃಗವನ್ನು ಡ್ಯೂರರನೂ ಬರೆದ, ಬುರ್ಕ್‌ಮಾಯರನೂ ಬರೆದ. ಲೋಕಕ್ಕೆಲ್ಲ ಗೊತ್ತಿರುವುದು ಡ್ಯೂರರನ ಕವಚ ತೊಟ್ಟ ಮೃಗ. ಮುಂಗಾಲಿಗೆ ಹಗ್ಗ ಬಿಗಿದ, ನಿಜಕ್ಕೆ ಹೆಚ್ಚು ಹತ್ತಿರವಾದ ಮೃಗ ಬುರ್ಕ್‌ಮಾಯರನದು. ನೋಡಿದವರ ಮಾತಿಗೆ ಕಿವಿಗೊಡುವ ಸ್ವಭಾವ ಅವನದು ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಹಿಂದಿನ ಎರಡು ಹಲಗೆಗಳಿಗೆ ಬ್ರೆಜಿಲ್ ಬಂತು. ಅಲ್ಲೂ ಕಾಟಾಚಾರವಿಲ್ಲ. ಮೆಕ್ಕೆಜೋಳದ ಗಿಡ ತೆನೆ ಗುರುತು ಹಿಡಿಯುವಂತಿದೆ, ಯುರೋಪಿನ ಅಚ್ಚಿನಲ್ಲಿ ಆ ಬೆಳೆ ಕಾಣಿಸುವ ಮೊದಮೊದಲ ಚಿತ್ರಗಳಲ್ಲಿ ಇದೊಂದು.

ನಮ್ಮ ನಿರ್ಣಯ ಇದು: ಬಿಡಿ ಬಿಡಿಯಾಗಿ ನೋಡಿದರೆ ಈ ಆಕೃತಿಗಳಲ್ಲಿ ಸುಳ್ಳು ಕಡಿಮೆ. ಸುಳ್ಳು ಇರುವುದು ಹೆಸರಿನಲ್ಲಿ, ಮತ್ತು ಮೂರನ್ನೂ ಒಂದೇ ಜನ ಎಂದು ಕಟ್ಟಿದ ದರ್ಬಾರಿನ ಅಗತ್ಯದಲ್ಲಿ. 1508ರ ಚಿತ್ರಕ್ಕೆ ಹಿನ್ನೆಲೆಯಾಗಿದ್ದವನು ಊರು ನೋಡಿ ಬಂದ ವರ್ತಕರ ಪ್ರತಿನಿಧಿ. ಅವನಿಗೆ ಕೊಚ್ಚಿ ಕಣ್ಣೂರುಗಳ ವ್ಯತ್ಯಾಸ ದುಡ್ಡಿನ ವ್ಯತ್ಯಾಸ. 1517ರ ಹೊತ್ತಿನ ಚಿತ್ರ ಮಾಡಿಸಿದವನಿಗೆ ಬೇಕಾಗಿದ್ದದ್ದು ಭೂಮಿಯ ಕೊನೆಯವರೆಗೂ ತನ್ನ ಹೆಸರು ತಲುಪಿದೆ ಎಂಬ ನೋಟ. ಕೈ ಅದೇ, ಕೇಳಿದವರು ಬೇರೆ.

ಅಚ್ಚು, ಮತ್ತು ಹಾಳೆ ಕೈಗೆ ಬಂದಾಗ

ಮ್ಯಾಕ್ಸಿಮಿಲಿಯನ್ 1519ರ ಜನವರಿ 12ರಂದು ವೆಲ್ಸ್ ಊರಿನಲ್ಲಿ ತೀರಿಕೊಂಡ. ಇನ್ನೂರಕ್ಕೂ ಹೆಚ್ಚು ಹಲಗೆಗಳ ಯೋಜನೆ ಸುಮಾರು 140ಕ್ಕೆ ನಿಂತಿತು. ಅವುಗಳಲ್ಲಿ ಅರ್ಧದ ಹತ್ತಿರ ಬುರ್ಕ್‌ಮಾಯರ್‌ನವು. 1526ರಲ್ಲಿ ಮೊಮ್ಮಗ ಫರ್ಡಿನೆಂಡ್ ಮೊದಲ ಬಾರಿ ಅಚ್ಚು ಹಾಕಿಸಿದ. ಪದ್ಯಗಳನ್ನು ಕೆತ್ತಿಸುವವರೇ ಇರಲಿಲ್ಲ. ಆದ್ದರಿಂದ ಮೆರವಣಿಗೆಯುದ್ದಕ್ಕೂ ಫಲಕಗಳು, ಬಾವುಟಗಳು ಬಟ್ಟ ಬಯಲು. ದೂರದ ಜನ ಅಧೀನರಾದರು ಎಂಬ ಪದ್ಯವೂ ಹಸ್ತಪ್ರತಿಯಲ್ಲೇ ಉಳಿಯಿತು. ಆಮೇಲೆ 1777ರಲ್ಲಿ, 1796ರಲ್ಲಿ, 1883–84ರಲ್ಲಿ ಅದೇ ಹಲಗೆಗಳಿಂದ ಮತ್ತೆ ಅಚ್ಚಾಯಿತು. ಉಳಿದ 135 ಹಲಗೆಗಳು ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿವೆ.

ಹಾಗಾಗಿ ಸಂಗ್ರಹಾಲಯದ ಪೆಟ್ಟಿಗೆಯಲ್ಲೋ ಹರಾಜಿನ ಪಟ್ಟಿಯಲ್ಲೋ ಇಂಥ ಹಾಳೆ ಎದುರಾದರೆ ‘ಬುರ್ಕ್‌ಮಾಯರ್, 1517’ ಎಂಬ ಬರಹವನ್ನು ಹಲಗೆಯ ಕಾಲ ಎಂದಷ್ಟೇ ಓದಬೇಕು. ಹಾಳೆಯ ಕಾಲ ಮುನ್ನೂರ ಐವತ್ತು ವರ್ಷ ಈಚಿನದಿದ್ದೀತು. ಪರೀಕ್ಷೆ ಕಾಗದದಿಂದ ಶುರುವಾಗಲಿ. ಬೆಳಕಿಗೆ ಹಿಡಿದಾಗ ತಂತಿ ಜರಡಿಯ ಗೆರೆಗಳು ಕಾಣಬೇಕು: ಒತ್ತೊತ್ತಾಗಿ ಸಣ್ಣ ಗೆರೆ, ಅವಕ್ಕೆ ಅಡ್ಡಲಾಗಿ ಎರಡು ಮೂರು ಸೆಂ.ಮೀ.ಗೊಂದು ದಪ್ಪ ಗೆರೆ. ಜರಡಿಯ ಗೆರೆ ಇಲ್ಲದ ನಯ ಕಾಗದ ಬಂದದ್ದೇ ಹದಿನೆಂಟನೆಯ ಶತಮಾನದ ನಡುವೆ, ಅದರ ಮೇಲಿನ ಅಚ್ಚು 1526ರದಾಗಲು ಸಾಧ್ಯವೇ ಇಲ್ಲ. ಗೆರೆ ಇದ್ದಮಾತ್ರಕ್ಕೆ 1526ರದು ಎಂದೂ ಹೇಳಲಾಗದು, ಆ ಬಗೆಯ ಕಾಗದ ಆಮೇಲೂ ಬಳಕೆಯಲ್ಲಿತ್ತು.

ನಂತರ ಹಾಳೆಯ ಬೆನ್ನು. ಹಾಳೆಯನ್ನು ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ನೋಡಿ. ಮರದಚ್ಚಿನಲ್ಲಿ ಉಬ್ಬಿದ ಗೆರೆ ಒದ್ದೆ ಕಾಗದದೊಳಕ್ಕೆ ಇಳಿದಿರುತ್ತದೆ, ಬೆನ್ನಲ್ಲಿ ಅದು ಬೆರಳಿಗೆ ಸಿಗುವಷ್ಟು ಎದ್ದಿರುತ್ತದೆ. ಬೆನ್ನು ಪೂರ್ತಿ ಸಪಾಟಾಗಿದ್ದರೆ ಎರಡು ಸಾಧ್ಯತೆ: ಕಲ್ಲಚ್ಚು ಅಥವಾ ಫೋಟೊ ನಕಲು, ಇಲ್ಲವೇ ಯಾರೋ ಹಾಳೆಯನ್ನು ತೊಳೆದು ಇನ್ನೊಂದು ಕಾಗದಕ್ಕೆ ಅಂಟಿಸಿ ಒತ್ತಿದ್ದಾರೆ. ಹತ್ತು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ಶಾಯಿಯ ಅಂಚು ನೋಡಿದರೆ ಇದು ಬಗೆಹರಿಯುತ್ತದೆ. ಮರದಚ್ಚಿನ ಶಾಯಿ ಗೆರೆಯ ಎರಡೂ ಅಂಚಿಗೆ ಒತ್ತರಿಸಿಕೊಂಡು ಅಲ್ಲಿ ಕಡು, ನಡುವೆ ತುಸು ತೆಳು. ಗೆರೆ ಸಾಲುಸಾಲು ಚುಕ್ಕಿಗಳಾಗಿ ಒಡೆದರೆ ಅದು ಪುಸ್ತಕದಿಂದ ಹರಿದ ಪುಟ.

ಕೊನೆಗೆ ಹಲಗೆಯ ಗಾಯಗಳು. ಹುಳು ಕೊರೆದ ತೂತು ಅಚ್ಚಿನಲ್ಲಿ ದುಂಡನೆಯ ಬಿಳಿ ಚುಕ್ಕೆ. ಕಪ್ಪು ಗೆರೆಯನ್ನು ಅದು ತುಂಡರಿಸಿದ್ದರೆ, ಕಾಗದ ಮಾತ್ರ ಅಲ್ಲಿ ಹರಿಯದೆ ಇಡಿಯಾಗಿದ್ದರೆ, ತೂತು ಹಲಗೆಯದು. ಬಿರುಕು ಮರದ ಎಳೆಯ ದಿಕ್ಕಿನಲ್ಲೇ ಓಡುತ್ತದೆ. ಅಂಚಿನ ಚೌಕಟ್ಟಿನ ಗೆರೆ ಬೇಗ ಏಟು ತಿನ್ನುವ ಜಾಗ, ಆನೆಯ ಸೊಂಡಿಲಿಗಿಂತ ಮೊದಲು ಅದನ್ನು ನೋಡಬೇಕು. ಈ ಗಾಯಗಳಿಗೆ ಒಂದೇ ನಿಯಮ: ಕೂಡುತ್ತ ಹೋಗುತ್ತವೆ, ಮಾಯುವುದಿಲ್ಲ. ಬೆಣೆ ಬಡಿದು ಸರಿಮಾಡಿದ್ದರೆ ಬೆಣೆಯೇ ಗುರುತು. ಖಚಿತ ತಾರೀಕಿರುವ ಪ್ರತಿಯೊಂದರ ಫೋಟೊ ಪಕ್ಕದಲ್ಲಿಟ್ಟು ತೂತುಗಳನ್ನು ಒಂದೊಂದಾಗಿ ಎಣಿಸಿದರೆ ಹಾಳೆ ಯಾವ ಆವೃತ್ತಿಯ ಆಚೆ ಅಥವಾ ಈಚೆ ಎಂಬುದು ಗೊತ್ತಾಗುತ್ತದೆ. ಅಳತೆಯನ್ನು ಮಾತ್ರ ನೆಚ್ಚಬಾರದು. ಒದ್ದೆ ಕಾಗದ ಒಣಗುವಾಗ ಕುಗ್ಗುತ್ತದೆ, ಒಂದೇ ಹಲಗೆಯ ಎರಡು ಅಚ್ಚುಗಳ ನಡುವೆ ಕೆಲವು ಮಿ.ಮೀ. ವ್ಯತ್ಯಾಸ ಸಹಜ.

ಪಟ್ಟಿಯಲ್ಲಿ ವಿವರ ಬರೆಯುವಾಗ ‘ಕಲ್ಲಿಕೋಟೆಯ ಜನ’ ಎಂಬ ಹಳೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಉಳಿಸಿಕೊಂಡು, ಅದರ ಕೆಳಗೆ ಆಕೃತಿಗಳನ್ನು ಬೇರೆ ಬೇರೆ ಬರೆಯುವುದು ಒಳ್ಳೆಯದು. 129: ಆನೆ, ಸವಾರ, ಮಲಬಾರಿನ ಕತ್ತಿ ಗುರಾಣಿಯವರು, ಹೋಲಿಕೆಗೆ ಕೊಚ್ಚಿಯ ರಾಜ, 1508. 130 ಮತ್ತು 131: ಬ್ರೆಜಿಲ್‌ನ ತುಪಿನಂಬಾ ಗರಿಯ ಉಡುಪು, ಗಿಳಿ, ಕೋತಿ, ಮೆಕ್ಕೆಜೋಳ, ಜೊತೆಗೆ ದನ ಮತ್ತು ಟಗರು. ಲಾರೆಲ್ ಹಾರ: ಆಗ್ಸ್‌ಬರ್ಗ್, ದರ್ಬಾರಿನ ಟಿಪ್ಪಣಿಯಂತೆ.